‘ಅವರೊಡನೆ ನಾವು ಬಾಳುತ್ತಿಲ್ಲವೆ?’: 2017ರ ಒಂದು ವಾಕ್ಯ, ಅದರೊಳಗಿನ ‘ನಾವು’

2017ರ ಏಪ್ರಿಲ್ ಮೊದಲ ವಾರದಲ್ಲಿ ಕತಾರಿನ ಅಲ್ ಜಜೀರಾ ವಾಹಿನಿಯ ಚರ್ಚೆಯೊಂದರಲ್ಲಿ ಭಾರತೀಯ ಜನತಾ ಪಕ್ಷದ ಮುಖಂಡ, ರಾಜ್ಯಸಭೆಯ ಮಾಜಿ ಸದಸ್ಯ ತರುಣ್ ವಿಜಯ್ ಇಂಗ್ಲಿಷಿನಲ್ಲಿ ಒಂದು ಮಾತು ಆಡಿದರು. ನಾವು ವರ್ಣಭೇದ ಮಾಡುವವರಾಗಿದ್ದರೆ ಇಡೀ ದಕ್ಷಿಣ, ಅಂದರೆ ತಮಿಳು, ಕೇರಳ, ಕರ್ನಾಟಕ, ಆಂಧ್ರ, ನಮ್ಮಲ್ಲಿ ಏಕೆ ಇರುತ್ತಿತ್ತು, ಅವರೊಡನೆ ನಾವು ಏಕೆ ಬಾಳುತ್ತಿದ್ದೆವು, ನಮ್ಮ ಸುತ್ತಮುತ್ತ ಕಪ್ಪು ಜನರಿದ್ದಾರಲ್ಲ ಎಂಬುದು ಆ ಮಾತಿನ ತಾತ್ಪರ್ಯ. ಏಪ್ರಿಲ್ 7ರ ಹೊತ್ತಿಗೆ ಅದರ ತುಣುಕು ದೇಶದ ಉದ್ದಗಲಕ್ಕೂ ಹರಡಿತ್ತು. ಅದೇ ದಿನ ಕ್ಷಮೆಯೂ ಬಂತು. ಏಪ್ರಿಲ್ 10ರಂದು ಲೋಕಸಭೆಯಲ್ಲಿ ಗದ್ದಲವಾಯಿತು. ಆಮೇಲೆ ವಿಷಯ ತಣ್ಣಗಾಯಿತು. ನಾಲ್ಕು ದಿನಗಳ ಈ ವಿವಾದವನ್ನು ಇಲ್ಲಿ ವಿವರವಾಗಿ ಎತ್ತಿಕೊಳ್ಳಲು ಕಾರಣವಿದೆ. ಹೆಸರು ಹಿಡಿದು ಹೇಳಿದ ರಾಜ್ಯಗಳಲ್ಲಿ ನಮ್ಮದೂ ಒಂದು ಎಂಬುದು ಆ ಕಾರಣದ ಒಂದು ಭಾಗ ಮಾತ್ರ. ಆ ವಾಕ್ಯದಲ್ಲಿ ಎಲ್ಲರ ಕಣ್ಣಿಗೆ ಬಿದ್ದದ್ದು ‘ಕಪ್ಪು’ ಎಂಬ ಪದ. ನಿಜವಾಗಿ ನೋಯಿಸಬೇಕಾಗಿದ್ದುದು ‘ನಾವು’ ಎಂಬ ಪದ. ನಾವು ಯಾವುದಕ್ಕೆ ನೊಂದುಕೊಂಡೆವು ಎಂಬುದರಲ್ಲೇ ನಮ್ಮ ಬಗ್ಗೆಯೂ ಒಂದು ಸಂಗತಿ ಬಯಲಾಯಿತು ಎಂದು ನಾನು ತಿಳಿದಿದ್ದೇನೆ.

ಆ ಚರ್ಚೆ ಏರ್ಪಟ್ಟದ್ದು ದಕ್ಷಿಣ ಭಾರತೀಯರಿಗಾಗಿ ಅಲ್ಲ. ದೆಹಲಿಗೆ ಅಂಟಿಕೊಂಡಿರುವ ಗ್ರೇಟರ್ ನೋಯ್ಡಾದಲ್ಲಿ ಮಾರ್ಚ್ ಕೊನೆಯ ವಾರ ಹನ್ನೆರಡನೆಯ ತರಗತಿಯ ಹುಡುಗನೊಬ್ಬ ತೀರಿಕೊಂಡಿದ್ದ. ಮಾದಕ ವಸ್ತುವಿನಿಂದ ಸಾವು ಸಂಭವಿಸಿರಬೇಕೆಂಬ ಅನುಮಾನ ಎದ್ದಿತು. ಅದನ್ನು ಕೊಟ್ಟವರು ಅದೇ ಬಡಾವಣೆಯಲ್ಲಿ ಬಾಡಿಗೆಗಿದ್ದ ನೈಜೀರಿಯಾದ ವಿದ್ಯಾರ್ಥಿಗಳೆಂಬ ಸುದ್ದಿ ಹಬ್ಬಿತು. ಅವರು ನರಭಕ್ಷಕರೆಂಬ ಮಾತೂ ಬಾಯಿಂದ ಬಾಯಿಗೆ ಹರಿದಾಡಿತು. ಪೊಲೀಸರು ಐವರನ್ನು ಕರೆದೊಯ್ದು, ಸಾಕ್ಷ್ಯ ಸಿಗದೆ ಬಿಟ್ಟರು. ಮಾರ್ಚ್ 27ರ ಸಂಜೆ ಹುಡುಗನ ನೆನಪಿಗೆಂದು ಮೇಣದ ಬತ್ತಿ ಹಿಡಿದು ಹೊರಟ ಮೆರವಣಿಗೆ ಗುಂಪು ದಾಳಿಯಾಗಿ ಮುಗಿಯಿತು. ಹುಡುಗನ ಸಾವಿಗೂ ತಮಗೂ ಯಾವ ಸಂಬಂಧವೂ ಇಲ್ಲದ ಆಫ್ರಿಕನ್ ವಿದ್ಯಾರ್ಥಿಗಳನ್ನು ದಾರಿಯಲ್ಲಿ, ಮಾಲ್‌ನೊಳಗೆ, ಕೈಗೆ ಸಿಕ್ಕ ಕುರ್ಚಿಗಳಿಂದ, ಕಸದ ಡಬ್ಬಗಳಿಂದ ಬಡಿಯಲಾಯಿತು. ನೆಲಕ್ಕೆ ಬಿದ್ದವನನ್ನು ಸುತ್ತುವರಿದು ಹೊಡೆಯುವ ದೃಶ್ಯವನ್ನು ಯಾರೋ ಮೊಬೈಲಿನಲ್ಲಿ ಚಿತ್ರಿಸಿಕೊಂಡಿದ್ದರಿಂದ ಅದು ಜಗತ್ತಿಗೆ ಗೊತ್ತಾಯಿತು.

ದಾಳಿಯಾದ ಕೆಲವೇ ದಿನಗಳಲ್ಲಿ ದೆಹಲಿಯಲ್ಲಿರುವ ಆಫ್ರಿಕಾ ದೇಶಗಳ ರಾಯಭಾರ ಕಚೇರಿಗಳ ಮುಖ್ಯಸ್ಥರು ಒಟ್ಟಾಗಿ ಹೇಳಿಕೆ ಹೊರಡಿಸಿದರು. ಈ ದಾಳಿಗಳು ವಿದೇಶೀಯರ ಮೇಲಿನ ದ್ವೇಷದಿಂದ, ಜನಾಂಗದ್ವೇಷದಿಂದ ಹುಟ್ಟಿದವು ಎಂದೂ, ಇವನ್ನು ತಡೆಯಲು ಭಾರತ ಸರ್ಕಾರ ಕಣ್ಣಿಗೆ ಕಾಣುವಂಥ ಸಾಕಷ್ಟು ಕ್ರಮ ಕೈಗೊಂಡಿಲ್ಲವೆಂದೂ ಅದು ನೇರವಾಗಿ ಹೇಳಿತು. ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಮಂಡಳಿಯಿಂದ ಸ್ವತಂತ್ರ ತನಿಖೆ ಆಗಬೇಕೆಂದೂ ಕೇಳಿತು. ರಾಜತಾಂತ್ರಿಕರ ನಡುವೆ ಇಂಥ ಭಾಷೆ ಅಪರೂಪ. ವಿದೇಶಾಂಗ ಸಚಿವೆ ಸುಷ್ಮಾ ಸ್ವರಾಜ್ ಏಪ್ರಿಲ್ 5ರಂದು ಲೋಕಸಭೆಯಲ್ಲಿ ಉತ್ತರ ಕೊಡುತ್ತ, ಇದು ಅನುಮಾನಾಸ್ಪದ ಸಂದರ್ಭದಲ್ಲಿ ಒಬ್ಬ ಹುಡುಗ ಅಕಾಲದಲ್ಲಿ ತೀರಿಕೊಂಡದ್ದರಿಂದ ಸ್ಫೋಟಗೊಂಡ ಅಪರಾಧ ಕೃತ್ಯವೆಂದೂ, ತನಿಖೆ ಮುಗಿಯುವ ಮೊದಲೇ ಜನಾಂಗದ್ವೇಷವೆಂದು ಹೆಸರಿಡಲಾಗದೆಂದೂ ಹೇಳಿದರು. ತರುಣ್ ವಿಜಯ್ ವಾಹಿನಿಯಲ್ಲಿ ಕುಳಿತದ್ದು ಈ ನಿಲುವನ್ನೇ ಸಮರ್ಥಿಸಲು.

ಅವರ ಹಿನ್ನೆಲೆಯನ್ನು ಬಿಟ್ಟು ಈ ಪ್ರಕರಣವನ್ನು ಓದಬಾರದು. ರಾಷ್ಟ್ರೀಯ ಸ್ವಯಂಸೇವಕ ಸಂಘದ ವಲಯದ ಹಿಂದಿ ವಾರಪತ್ರಿಕೆ ‘ಪಾಂಚಜನ್ಯ’ಕ್ಕೆ ದೀರ್ಘಕಾಲ ಸಂಪಾದಕರಾಗಿದ್ದವರು ಅವರು, ಉತ್ತರಾಖಂಡದಿಂದ 2010ರಿಂದ 2016ರವರೆಗೆ ರಾಜ್ಯಸಭೆಯಲ್ಲಿದ್ದವರು, ಭಾರತ ಮತ್ತು ಆಫ್ರಿಕಾ ನಡುವಿನ ಸಂಸದೀಯ ಸ್ನೇಹ ಗುಂಪಿನ ನೇತೃತ್ವ ವಹಿಸಿದ್ದವರು. ಇದಕ್ಕಿಂತ ಮುಖ್ಯವಾಗಿ, ಉತ್ತರದ ರಾಜಕಾರಣಿಗಳಲ್ಲಿ ತಮಿಳನ್ನು ಅವರಷ್ಟು ಬಹಿರಂಗವಾಗಿ ಮೆಚ್ಚಿಕೊಂಡವರು ಕಡಿಮೆ. ಶಾಲೆಗಳಲ್ಲಿ ತಿರುವಳ್ಳುವರ್ ಪರಿಚಯವಾಗಬೇಕೆಂದು ಸಂಸತ್ತಿನಲ್ಲಿ ಒತ್ತಾಯಿಸಿದ್ದರು. 2016ರಲ್ಲಿ ಹರಿದ್ವಾರದಲ್ಲಿ ಆ ಕವಿಯ ಪ್ರತಿಮೆ ನಿಲ್ಲಿಸಲು ಹೊರಟು ಸ್ಥಳೀಯರ ವಿರೋಧವನ್ನೂ ಎದುರಿಸಿದ್ದರು. ದಕ್ಷಿಣದ ಮೇಲೆ ಹಗೆ ಇಟ್ಟುಕೊಂಡ ಮನುಷ್ಯನ ಬಾಯಿಂದ ಈ ವಾಕ್ಯ ಬಂದಿದ್ದರೆ ಪ್ರಕರಣ ಇಷ್ಟು ಹೊತ್ತು ಯೋಚಿಸುವಂಥದ್ದಾಗುತ್ತಿರಲಿಲ್ಲ. ಬಂದದ್ದು ದಕ್ಷಿಣವನ್ನು ಹೊಗಳುವ ಮನುಷ್ಯನ ಬಾಯಿಂದ, ಹೊಗಳುತ್ತಿದ್ದೇನೆಂಬ ನಂಬಿಕೆಯಲ್ಲಿ.

ಹಾಗಾದರೆ ವಾಕ್ಯದಲ್ಲಿ ಕೆಟ್ಟದ್ದು ಏನು? ಮೊದಲು ಅದರ ತರ್ಕವನ್ನು ನೋಡೋಣ. ಒಂದು ಗುಂಪಿನೊಡನೆ ಒಂದೇ ಊರಿನಲ್ಲಿ, ಒಂದೇ ದೇಶದಲ್ಲಿ ಬಾಳುವುದು ಆ ಗುಂಪಿನ ಬಗ್ಗೆ ಭೇದವಿಲ್ಲ ಎಂಬುದಕ್ಕೆ ಪುರಾವೆಯಲ್ಲ. ಪ್ರತ್ಯೇಕತೆಯ ಕಾನೂನುಗಳಿದ್ದ ಕಾಲದ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಬಿಳಿಯರ ಮನೆಯಲ್ಲಿ ಅಡುಗೆ ಮಾಡುತ್ತಿದ್ದವರು, ಮಕ್ಕಳನ್ನು ಸಾಕುತ್ತಿದ್ದವರು ಕಪ್ಪು ಹೆಂಗಸರು. ನಮ್ಮ ಹಳ್ಳಿಗಳಲ್ಲಿ ಊರು ಮತ್ತು ಕೇರಿ ಶತಮಾನಗಳ ಕಾಲ ಒಂದರ ಪಕ್ಕ ಒಂದು ಇದ್ದವು. ಆ ಕಾರಣಕ್ಕೆ ಅಸ್ಪೃಶ್ಯತೆ ಇರಲಿಲ್ಲವೆಂದು ಯಾರೂ ವಾದಿಸಲಾರರು. ಜೊತೆಯಲ್ಲಿರುವುದು ಬೇರೆ, ಸಮನಾಗಿರುವುದು ಬೇರೆ.

ತರ್ಕಕ್ಕಿಂತ ಆಳದಲ್ಲಿರುವುದು ವ್ಯಾಕರಣ. ಆ ವಾಕ್ಯದಲ್ಲಿ ಬಾಳುವವರು ‘ನಾವು’, ಬಾಳಿಸಿಕೊಳ್ಳುವವರು ‘ಅವರು’. ‘ನಾವು’ ಭಾರತೀಯರು ಎಂದು ಆರಂಭವಾದ ಮಾತು, ದಕ್ಷಿಣದ ಹೆಸರು ಬಂದೊಡನೆ, ಅವರನ್ನು ಹೊರಗಿಟ್ಟು ಉಳಿದವರಷ್ಟನ್ನೇ ‘ನಾವು’ ಎಂದುಕೊಂಡಿತು. ಇಂಗ್ಲಿಷಿಗಾಗಲಿ ಹಿಂದಿಗಾಗಲಿ ಎರಡು ಬಗೆಯ ‘ನಾವು’ ಇಲ್ಲದ್ದರಿಂದ ಈ ಜಾರುವಿಕೆ ಆಡಿದವರಿಗೇ ತಿಳಿಯದೆ ನಡೆದುಹೋಗುತ್ತದೆ. ಅವರು ಹೆಸರಿಸಿದ ರಾಜ್ಯಗಳ ಭಾಷೆಗಳಲ್ಲಿ ಅದು ಅಷ್ಟು ಸಲೀಸಲ್ಲ. ಎದುರಿಗಿರುವವರನ್ನು ಸೇರಿಸಿಕೊಂಡ ‘ನಾವು’ ತಮಿಳಿನಲ್ಲಿ ‘ನಾಮ್’, ಹೊರಗಿಟ್ಟದ್ದು ‘ನಾಂಗಳ್’. ತೆಲುಗಿನಲ್ಲಿ ‘ಮನಂ’ ಮತ್ತು ‘ಮೇಮು’. ಮಲಯಾಳಂನಲ್ಲೂ ಈ ಎರಡು ಬಗೆ ಉಂಟು. ಕರ್ನಾಟಕದೊಳಗೇ ತುಳುವಿನಲ್ಲಿ ‘ನಮ’ ಬೇರೆ, ‘ಎಂಕುಳು’ ಬೇರೆ. ಇಂದಿನ ಕನ್ನಡ ಈ ಭೇದವನ್ನು ಉಳಿಸಿಕೊಂಡಿಲ್ಲ, ಆದರೂ ‘ನಮ್ಮವರು’ ಎನ್ನುವಾಗ ಯಾರು ಒಳಗೆ ಯಾರು ಹೊರಗೆ ಎಂಬುದು ನಮಗೆ ಧ್ವನಿಯಲ್ಲೇ ತಿಳಿಯುತ್ತದೆ. ಇದೇ ಮಾತನ್ನು ತಮಿಳರೊಬ್ಬರ ಎದುರು ತಮಿಳಿನಲ್ಲಿ ಹೇಳಬೇಕಾಗಿದ್ದರೆ, ಬಾಯಿ ತೆರೆಯುವ ಮೊದಲು ‘ನಾಮ್’ ಎನ್ನಬೇಕೋ ‘ನಾಂಗಳ್’ ಎನ್ನಬೇಕೋ ಎಂದು ತರುಣ್ ವಿಜಯ್ ಆರಿಸಿಕೊಳ್ಳಬೇಕಾಗುತ್ತಿತ್ತು. ‘ನಾಮ್’ ಎಂದರೆ ವಾಕ್ಯ ಅರ್ಥಹೀನವಾಗುತ್ತಿತ್ತು. ‘ನಾಂಗಳ್’ ಎಂದರೆ ಅದರ ಅರ್ಥ ಮರೆಮಾಚಲಾಗದಷ್ಟು ಸ್ಪಷ್ಟವಾಗುತ್ತಿತ್ತು. ಅವರು ಪ್ರೀತಿಸುತ್ತೇನೆಂದ ಭಾಷೆಯೇ ಅವರನ್ನು ಈ ಎಡವಟ್ಟಿನಿಂದ ತಡೆಯಬಹುದಾಗಿತ್ತು.

ವಿರೋಧಿಸಿದ ನಾಯಕರಲ್ಲಿ ಈ ಬಿಂದುವನ್ನು ಸರಿಯಾಗಿ ಮುಟ್ಟಿದವರು ಪಿ. ಚಿದಂಬರಂ. ನಾವು ಕಪ್ಪು ಜನರೊಡನೆ ಬಾಳುತ್ತಿದ್ದೇವೆ ಎನ್ನುವಾಗ ಆ ‘ನಾವು’ ಯಾರು, ಬಿಜೆಪಿ ಮತ್ತು ಸಂಘದವರಷ್ಟೇ ಭಾರತೀಯರೇ ಎಂದು ಅವರು ಕೇಳಿದರು. ಪ್ರಶ್ನೆಯ ಎರಡನೆಯ ಅರ್ಧ ಪಕ್ಷ ರಾಜಕೀಯದ್ದು. ಮೊದಲ ಅರ್ಧ ಇಡೀ ಪ್ರಕರಣದ ತಿರುಳು. ಲೋಕಸಭೆಯಲ್ಲಿ ಏಪ್ರಿಲ್ 10ರಂದು ಕಾಂಗ್ರೆಸ್ ನಾಯಕರಾಗಿ ವಿಷಯ ಎತ್ತಿದವರು ಕಲಬುರಗಿಯ ಸಂಸದ ಮಲ್ಲಿಕಾರ್ಜುನ ಖರ್ಗೆ. ಗೃಹ ಸಚಿವ ರಾಜನಾಥ್ ಸಿಂಗ್ ಉತ್ತರಿಸಿ, ತರುಣ್ ವಿಜಯ್ ತಮ್ಮ ತಪ್ಪೊಪ್ಪಿಕೊಂಡು ಕ್ಷಮೆ ಕೇಳಿದ್ದಾರೆ, ಈ ದೇಶದಲ್ಲಿ ಬಣ್ಣದ ಆಧಾರದ ಮೇಲೆ ಭೇದಕ್ಕೆ ಜಾಗವಿಲ್ಲ ಎಂದರು. ಭೇದವಿಲ್ಲ ಎಂದು ಸಾಧಿಸಲು ಹೊರಟ ವಾಕ್ಯದಿಂದ ಎದ್ದ ವಿವಾದ ಭೇದವಿಲ್ಲ ಎಂಬ ಇನ್ನೊಂದು ವಾಕ್ಯದಲ್ಲಿ ಮುಗಿಯಿತು.

ಕ್ಷಮೆಯ ಮಾತುಗಳನ್ನೂ ಗಮನವಿಟ್ಟು ಓದಬೇಕು. ತಮ್ಮ ವಾಕ್ಯ ಸರಿಯಾಗಿ ಕಟ್ಟಿದ್ದಲ್ಲ, ಹೇಳಬೇಕಾದದ್ದನ್ನು ತಿಳಿಸಲು ಪದಗಳು ಸಾಲಲಿಲ್ಲ, ಬೇರೆ ಅರ್ಥ ಬಂತೆಂದು ಅನ್ನಿಸಿದವರಲ್ಲಿ ಕ್ಷಮೆ ಕೇಳುತ್ತೇನೆ ಎಂದು ಅವರು ಟ್ವಿಟರ್‌ನಲ್ಲಿ ಬರೆದರು. ದಕ್ಷಿಣ ಭಾರತವನ್ನು ತಾವು ಬಾಯಿತಪ್ಪಿಯೂ ಕಪ್ಪು ಎಂದಿಲ್ಲ, ಸಾಯಲು ಸಿದ್ಧ, ತಮ್ಮದೇ ಜನರನ್ನು ಹೇಗೆ ಅಣಕಿಸಲಿ ಎಂದೂ ಬರೆದರು. ಇದರ ಹಿಂದಿನ ಸಂಕಟ ನಟನೆಯೆಂದು ನನಗೆ ಅನ್ನಿಸುವುದಿಲ್ಲ. ಆದರೆ ಅವರು ಅಲ್ಲಗಳೆದದ್ದು ‘ಕಪ್ಪು’ ಎಂಬ ಪದವನ್ನು. ‘ಅವರೊಡನೆ ನಾವು’ ಎಂಬುದು ಅವರ ಗಮನಕ್ಕೆ ಬರಲೇ ಇಲ್ಲ. ಕಪ್ಪು ಎನ್ನುವುದು ಅಣಕ ಎಂಬ ಒಪ್ಪಿಗೆಯೂ ಆ ನಿರಾಕರಣೆಯಲ್ಲೇ ಅಡಗಿದೆ. ಭಾರತೀಯರು ಕೃಷ್ಣನನ್ನು ಪೂಜಿಸುವವರು, ಆ ಹೆಸರಿನ ಅರ್ಥವೇ ಕಪ್ಪು, ವರ್ಣಭೇದವನ್ನು ಮೊದಲು ವಿರೋಧಿಸಿದವರೇ ನಾವು, ಬ್ರಿಟಿಷರ ವರ್ಣಭೇದಕ್ಕೆ ಬಲಿಯಾದವರೂ ನಾವು ಎಂಬುದು ಅವರ ಇನ್ನೊಂದು ಸಮರ್ಥನೆ.

ಈ ಕೊನೆಯ ಸಮರ್ಥನೆಯನ್ನು ತಳ್ಳಿಹಾಕುವುದು ನ್ಯಾಯವಲ್ಲ, ಏಕೆಂದರೆ ಅದರಲ್ಲಿ ನಿಜವಿದೆ. ದಕ್ಷಿಣ ಆಫ್ರಿಕಾದಲ್ಲಿ ಭಾರತೀಯ ಮೂಲದವರನ್ನು ನಡೆಸಿಕೊಳ್ಳುತ್ತಿದ್ದ ರೀತಿಯನ್ನು 1946ರಲ್ಲಿ ವಿಶ್ವಸಂಸ್ಥೆಯ ಮುಂದೆ ಒಯ್ದದ್ದು ಭಾರತ. ಆ ದೇಶದೊಡನೆ ವ್ಯಾಪಾರವನ್ನು ಅದೇ ವರ್ಷ ಕಡಿದುಕೊಂಡದ್ದೂ ಭಾರತ, ಅದೂ ಸ್ವಾತಂತ್ರ್ಯ ಬರುವ ಮೊದಲೇ. ಎಲ್ಲ ಬಗೆಯ ಜನಾಂಗಭೇದವನ್ನು ತೊಡೆಯುವ 1965ರ ಅಂತರರಾಷ್ಟ್ರೀಯ ಒಡಂಬಡಿಕೆಯನ್ನು ಭಾರತ 1968ರಲ್ಲಿ ಅಂಗೀಕರಿಸಿತು. ತೊಂದರೆ ಇರುವುದು ಈ ಹೆಮ್ಮೆ ಕೆಲಸ ಮಾಡುವ ರೀತಿಯಲ್ಲಿ. ಹೊರಗಿನವರ ವರ್ಣಭೇದವನ್ನು ಎದುರಿಸಿದ ಚರಿತ್ರೆ ನಮ್ಮೊಳಗಿನದನ್ನು ನೋಡಲು ಕಣ್ಣು ಕೊಡಬೇಕಾಗಿತ್ತು; ಬದಲಿಗೆ, ಅದು ನಮ್ಮಲ್ಲಿ ಇರಲಾರದು ಎನ್ನುವುದಕ್ಕೆ ಪ್ರಮಾಣಪತ್ರವಾಗಿಬಿಟ್ಟಿದೆ. ಕೃಷ್ಣನ ಬಣ್ಣದ ವಾದವೂ ಹಾಗೆಯೇ. ಉಡುಪಿಯ ಕೃಷ್ಣನಿಗೆ, ಪಂಢರಪುರದ ವಿಠಲನಿಗೆ ಕೈಮುಗಿದು ಬಂದ ಮನೆಯವರೇ ಹೆಣ್ಣು ನೋಡಲು ಹೋದಲ್ಲಿ ‘ಬಣ್ಣ ಸ್ವಲ್ಪ ಕಮ್ಮಿ’ ಎಂದು ತಿರುಗಿಬರುವುದನ್ನು ನೋಡದವರು ನಮ್ಮಲ್ಲಿ ಯಾರಿದ್ದಾರೆ?

ಇಲ್ಲಿ ಒಂದು ಮಾತನ್ನು ಹೇಳಲೇಬೇಕು. ಕನ್ನಡದ ಮನೆಗಳಲ್ಲಿ ‘ಕಪ್ಪಾದರೂ ಲಕ್ಷಣವಾಗಿದ್ದಾಳೆ’ ಎಂಬ ವಾಕ್ಯ ಮೆಚ್ಚುಗೆಯೆಂದೇ ಚಲಾವಣೆಯಲ್ಲಿದೆ. ನಾನು ಅದನ್ನು ನನ್ನವರ ಬಾಯಲ್ಲೇ, ಪ್ರೀತಿಯ ದನಿಯಲ್ಲೇ ಕೇಳುತ್ತ ಬೆಳೆದಿದ್ದೇನೆ. ಹೊಗಳಿಕೆಯ ಭಾರವೆಲ್ಲ ಆ ‘ಆದರೂ’ ಎಂಬುದರ ಮೇಲೆ ನಿಂತಿದೆ. ಅದನ್ನು ತೆಗೆದರೆ ವಾಕ್ಯ ನಿಲ್ಲುವುದಿಲ್ಲ. ತರುಣ್ ವಿಜಯ್ ಆಡಿದ ವಾಕ್ಯದ ಒಳಗಟ್ಟೂ ಇದೇ: ಅವರು ಕಪ್ಪಗಿದ್ದರೂ ನಾವು ಅವರೊಡನೆ ಬಾಳುತ್ತಿದ್ದೇವೆ. ದೆಹಲಿಯಿಂದ ಬಂದಾಗ ನಮಗೆ ಚುಚ್ಚಿದ ಮಾತು ಪಡಸಾಲೆಯಲ್ಲಿ ಕೇಳಿಬಂದಾಗ ಚುಚ್ಚುವುದಿಲ್ಲ.

ಆದ್ದರಿಂದ ಅಂದಿನ ದಕ್ಷಿಣದ ಸಿಟ್ಟಿನಲ್ಲಿ ಎರಡು ಎಳೆಗಳನ್ನು ಬೇರ್ಪಡಿಸಬೇಕು. ‘ನಮ್ಮನ್ನು ದೇಶದ ಹೊರಗೆ ನಿಲ್ಲಿಸಿದಿರಿ’ ಎಂಬ ಸಿಟ್ಟು ನೂರಕ್ಕೆ ನೂರು ಸರಿ. ‘ನಮ್ಮನ್ನು ಆಫ್ರಿಕದವರ ಸಾಲಿನಲ್ಲಿ ನಿಲ್ಲಿಸಿದಿರಿ’ ಎಂಬ ಸಿಟ್ಟೂ ಅದರೊಡನೆ ಬೆರೆತಿತ್ತು, ಅದಕ್ಕೆ ಸಮರ್ಥನೆಯಿಲ್ಲ. ಮಾಲ್‌ನಲ್ಲಿ ಏಟು ತಿಂದ ವಿದ್ಯಾರ್ಥಿಯೊಬ್ಬ ಆಸ್ಪತ್ರೆಯ ಹಾಸಿಗೆಯಿಂದ ಈ ವಿವಾದವನ್ನು ನೋಡಿದ್ದರೆ ಅವನಿಗೆ ಏನು ಕಾಣಿಸುತ್ತಿತ್ತು? ಅವನಂತೆ ಕಾಣುತ್ತೀರಿ ಎಂದದ್ದನ್ನು ಒಂದು ಪಕ್ಷ ಅವಮಾನವೆಂದು ಕರೆಯುತ್ತಿದೆ, ಇನ್ನೊಂದು ಪಕ್ಷ ಹಾಗೆ ಅನ್ನಲೇ ಇಲ್ಲವೆಂದು ಆಣೆ ಮಾಡುತ್ತಿದೆ. ಹತ್ತು ದಿನಗಳ ಹಿಂದಿನ ದಾಳಿ ಎರಡೂ ಕಡೆಯವರ ಮಾತಿನಿಂದ ಮರೆಯಾಗಿತ್ತು. ಈ ಪ್ರಕರಣದಲ್ಲಿ ನನಗೆ ಅತ್ಯಂತ ನೋವಿನದೆನಿಸುವುದು ಇದೇ.

ಕರ್ನಾಟಕಕ್ಕೆ ಈ ವಿಷಯದಲ್ಲಿ ಬರೀ ಹೆಸರಿಸಲ್ಪಟ್ಟ ರಾಜ್ಯದ ಸ್ಥಾನವಷ್ಟೇ ಇಲ್ಲ. ಆ ಚರ್ಚೆಯಲ್ಲಿ ತರುಣ್ ವಿಜಯ್ ಎದುರಿಗಿದ್ದವರಲ್ಲಿ ಒಬ್ಬರು ಬೆಂಗಳೂರಿನ ಛಾಯಾಗ್ರಾಹಕರು. ಭಾರತದಲ್ಲಿ ನೆಲೆಸಿದ ಆಫ್ರಿಕನ್ನರ ಭಾವಚಿತ್ರಗಳನ್ನು ಅವರು ಊರೂರು ತಿರುಗಿ ತೆಗೆಯತೊಡಗಿದ್ದು ಬೆಂಗಳೂರಿನಲ್ಲೇ ನಡೆದ ಘಟನೆಯ ಬಳಿಕ. 2016ರ ಜನವರಿ 31ರ ರಾತ್ರಿ ಹೆಸರಘಟ್ಟ ರಸ್ತೆಯ ಬಳಿ ಸುಡಾನಿನ ವಿದ್ಯಾರ್ಥಿಯೊಬ್ಬ ಓಡಿಸುತ್ತಿದ್ದ ಕಾರು ಸ್ಥಳೀಯ ಮಹಿಳೆಯೊಬ್ಬರ ಮೇಲೆ ಹರಿದು ಅವರು ತೀರಿಕೊಂಡರು. ಸ್ವಲ್ಪ ಹೊತ್ತಿನ ಮೇಲೆ ಅದೇ ದಾರಿಯಲ್ಲಿ ಬಂದ ತಾಂಜಾನಿಯಾದ ವಿದ್ಯಾರ್ಥಿನಿಯನ್ನು ಗುಂಪು ಕಾರಿನಿಂದಿಳಿಸಿ ಹೊಡೆಯಿತು, ಬಟ್ಟೆ ಹರಿಯಿತು, ಕಾರಿಗೆ ಬೆಂಕಿ ಇಟ್ಟಿತು. ಅಪಘಾತ ಮಾಡಿದವನಿಗೂ ಅವಳಿಗೂ ಇದ್ದ ಒಂದೇ ಸಂಬಂಧ ಚರ್ಮದ ಬಣ್ಣ. ಆಗಿನ ಗೃಹ ಸಚಿವ ಜಿ. ಪರಮೇಶ್ವರ ಇದು ಜನಾಂಗೀಯ ದಾಳಿಯಲ್ಲ, ಅಪಘಾತಕ್ಕೆ ಬಂದ ಪ್ರತಿಕ್ರಿಯೆ ಎಂದರು. ಅವರದು ಕಾಂಗ್ರೆಸ್ ಸರ್ಕಾರ. ಅದೇ ವರ್ಷ ಮೇ ತಿಂಗಳಲ್ಲಿ ದೆಹಲಿಯಲ್ಲಿ ಕಾಂಗೋದ ಯುವಕನೊಬ್ಬನನ್ನು ಬಡಿದು ಕೊಂದ ಮೇಲೆ ಆಫ್ರಿಕನ್ನರ ಮೇಲಿನ ದಾಳಿಗಳು ಮತ್ತೆ ಸುದ್ದಿಯಾದಾಗ, ಮಾಧ್ಯಮಗಳು ಸಣ್ಣ ಜಗಳವನ್ನು ದೊಡ್ಡದು ಮಾಡುತ್ತಿವೆ ಎಂದವರು ಕೇಂದ್ರದ ಸಚಿವ ವಿ.ಕೆ. ಸಿಂಗ್, ಅವರದು ಬಿಜೆಪಿ. 2014ರ ಜನವರಿಯಲ್ಲಿ ದೆಹಲಿಯ ಖಿಡ್ಕಿ ಬಡಾವಣೆಯಲ್ಲಿ ನಡುರಾತ್ರಿ ಉಗಾಂಡದ ಹೆಂಗಸರ ಮನೆಯ ಮೇಲೆ ದಾಳಿಗೆ ಮುಂದಾಳಾಗಿ ನಿಂತ ದೆಹಲಿ ಸರ್ಕಾರದ ಆಗಿನ ಕಾನೂನು ಸಚಿವ ಸೋಮನಾಥ್ ಭಾರ್ತಿ ಆಮ್ ಆದ್ಮಿ ಪಕ್ಷದವರು. 2013ರಲ್ಲಿ ಗೋವಾದ ಸಚಿವ ದಯಾನಂದ ಮಾಂದ್ರೇಕರ್ ನೈಜೀರಿಯನ್ನರನ್ನು ಕ್ಯಾನ್ಸರ್‌ಗೆ ಹೋಲಿಸಿ ಆಮೇಲೆ ಕ್ಷಮೆ ಕೇಳಿದ್ದರು. ಇದನ್ನು ಒಂದೇ ಪಕ್ಷದ ಕಾಯಿಲೆಯೆಂದು ಓದುವವರು ಪ್ರಕರಣವನ್ನು ಅರ್ಧ ಮಾತ್ರ ಓದಿದಂತೆ.

ಇನ್ನು ‘ನಮ್ಮ ಸುತ್ತಮುತ್ತ ಕಪ್ಪು ಜನರಿದ್ದಾರೆ’ ಎಂಬ ಮಾತು. ಕರ್ನಾಟಕದಲ್ಲಿ ಆಫ್ರಿಕಾ ಮೂಲದ ಜನರು ನಿಜವಾಗಿಯೂ ಇದ್ದಾರೆ, ಶತಮಾನಗಳಿಂದ ಇದ್ದಾರೆ. ಯಲ್ಲಾಪುರ, ಹಳಿಯಾಳ, ಅಂಕೋಲಾ, ಮುಂಡಗೋಡಿನ ಕಾಡಂಚಿನ ಸಿದ್ದಿಗಳ ಪೂರ್ವಿಕರಲ್ಲಿ ಹಲವರನ್ನು ಪೋರ್ಚುಗೀಸರು ಗುಲಾಮರನ್ನಾಗಿ ಗೋವಾಕ್ಕೆ ತಂದಿದ್ದರು. ಇಂದು ಅವರಲ್ಲಿ ಹಿಂದೂಗಳು, ಮುಸಲ್ಮಾನರು, ಕ್ರೈಸ್ತರು ಮೂವರೂ ಇದ್ದಾರೆ. ಅವರ ಮಾತು ಕೊಂಕಣಿ ಮತ್ತು ಕನ್ನಡ. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡು ಆ ಸಮುದಾಯದ ಮೊದಲ ಶಾಸಕರಾದದ್ದು 2020ರಲ್ಲಿ. ತಲೆತಲಾಂತರದಿಂದ ಇಲ್ಲಿಯವರಾದ ಈ ಕನ್ನಡಿಗರು 2017ರ ವಿವಾದದಲ್ಲಿ ಯಾರ ನೆನಪಿಗೂ ಬರಲಿಲ್ಲ. ‘ಕನ್ನಡಿಗರು ಆಫ್ರಿಕದವರಂತೆ ಕಾಣುವುದಿಲ್ಲ’ ಎಂದು ಆ ದಿನಗಳಲ್ಲಿ ಉತ್ತರಿಸಿದವರೂ ಒಂದು ‘ನಾವು’ ಕಟ್ಟಿಕೊಂಡೇ ಉತ್ತರಿಸಿದ್ದರು, ಅದರ ಹೊರಗೆ ಸಿದ್ದಿಗಳು ನಿಂತಿದ್ದರು.

ಏಳು ವರ್ಷಗಳ ಬಳಿಕ ಇದೇ ವಾಕ್ಯ ಬೇರೆ ಪಕ್ಷದಿಂದ ಬಂತು. 2024ರ ಮೇ ತಿಂಗಳಲ್ಲಿ, ಲೋಕಸಭಾ ಚುನಾವಣೆಯ ನಡುವೆ, ಸಾಗರೋತ್ತರ ಕಾಂಗ್ರೆಸ್ ಘಟಕದ ಅಧ್ಯಕ್ಷ ಸ್ಯಾಮ್ ಪಿತ್ರೋಡಾ ಭಾರತದ ವೈವಿಧ್ಯವನ್ನು ಕೊಂಡಾಡುತ್ತ, ಪೂರ್ವದವರು ಚೀನೀಯರಂತೆ, ಪಶ್ಚಿಮದವರು ಅರಬರಂತೆ, ಉತ್ತರದವರು ಬಹುಶಃ ಬಿಳಿಯರಂತೆ, ದಕ್ಷಿಣದವರು ಆಫ್ರಿಕನ್ನರಂತೆ ಕಾಣುತ್ತಾರೆ, ಆದರೂ ಎಲ್ಲರೂ ಅಣ್ಣತಮ್ಮಂದಿರು, ಅಕ್ಕತಂಗಿಯರು ಎಂದರು. ಮತ್ತೆ ಹೊಗಳಿಕೆ, ಮತ್ತೆ ‘ಆದರೂ’. ಮೇ 8ರಂದು ಪ್ರಧಾನಿ ನರೇಂದ್ರ ಮೋದಿ ತೆಲಂಗಾಣದ ವಾರಂಗಲ್ಲಿನ ಸಭೆಯಲ್ಲಿ ಇದು ಚರ್ಮದ ಬಣ್ಣದ ಮೇಲೆ ದೇಶವಾಸಿಗಳಿಗೆ ಮಾಡಿದ ಅವಮಾನವೆಂದು ಗುಡುಗಿದರು. ಪಿತ್ರೋಡಾ ಅದೇ ದಿನ ರಾಜೀನಾಮೆ ಕೊಟ್ಟರು. 2017ರಲ್ಲಿ ಕ್ಷಮಿಸಿದವರು ಈಗ ಕೆರಳಿದ್ದರು, ಆಗ ಕೆರಳಿದ್ದವರು ಈಗ ದೂರ ಸರಿದು ನಿಂತಿದ್ದರು. ಚುನಾವಣೆ ಮುಗಿದ ಮೇಲೆ ಜೂನ್ 26ರಂದು ಪಿತ್ರೋಡಾ ಅದೇ ಹುದ್ದೆಗೆ ಮರಳಿದರು.

ಅದಾಗಿ ಐದು ದಿನಕ್ಕೆ, 2024ರ ಜುಲೈ 1ರಂದು, ಹಳೆಯ ಭಾರತೀಯ ದಂಡಸಂಹಿತೆಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂತು. ಈಶಾನ್ಯದ ವಿದ್ಯಾರ್ಥಿಯೊಬ್ಬ 2014ರಲ್ಲಿ ದೆಹಲಿಯಲ್ಲಿ ಏಟು ತಿಂದು ಸತ್ತ ಬಳಿಕ ಕೇಂದ್ರ ಸರ್ಕಾರ ನೇಮಿಸಿದ ಬೆಜ್‌ಬರುವಾ ಸಮಿತಿ, ಜನಾಂಗವನ್ನು ಹೀಯಾಳಿಸುವ ಮಾತು ಮತ್ತು ಸನ್ನೆಗಳನ್ನು ಶಿಕ್ಷಿಸಲು ದಂಡಸಂಹಿತೆಗೆ ಪ್ರತ್ಯೇಕ ಕಲಮುಗಳನ್ನು ಸೇರಿಸಬೇಕೆಂದು ಶಿಫಾರಸು ಮಾಡಿತ್ತು. ಹೊಸ ಸಂಹಿತೆಯಲ್ಲೂ ಅವು ಬರಲಿಲ್ಲ. ಬಂದದ್ದು ಇನ್ನೊಂದು. ಐದು ಅಥವಾ ಹೆಚ್ಚು ಜನರ ಗುಂಪು ಜನಾಂಗ, ಜಾತಿ, ಹುಟ್ಟಿದ ಸ್ಥಳ, ಭಾಷೆ ಮುಂತಾದ ಕಾರಣಕ್ಕೆ ಕೊಂದರೆ ಅಥವಾ ತೀವ್ರವಾಗಿ ಗಾಯಗೊಳಿಸಿದರೆ ಅದು ಈಗ ಬೇರೆಯೇ ಅಪರಾಧ, 103 ಮತ್ತು 117ನೆಯ ಕಲಮುಗಳಡಿ. ಗ್ರೇಟರ್ ನೋಯ್ಡಾದ ಮಾಲ್‌ನಂಥ, ಹೆಸರಘಟ್ಟ ರಸ್ತೆಯಂಥ ದಾಳಿಗಳನ್ನು ಈ ಕಲಮುಗಳಡಿ ತರಬೇಕಾದರೆ ಠಾಣೆಯಲ್ಲಿ ದೂರು ಬರೆದುಕೊಳ್ಳುವ ಅಧಿಕಾರಿ ಮೊದಲಿಗೆ ‘ಜನಾಂಗದ ಕಾರಣಕ್ಕೆ’ ಎಂಬ ಎರಡು ಪದಗಳನ್ನು ಬರೆಯಬೇಕು. 2016ರಲ್ಲಿ ಬೆಂಗಳೂರಿನಲ್ಲಿ, 2017ರಲ್ಲಿ ದೆಹಲಿಯಲ್ಲಿ, ಬೇರೆ ಬೇರೆ ಪಕ್ಷಗಳ ಸಚಿವರು ಬಳಸಲು ಒಪ್ಪದೆ ಹೋದದ್ದು ಆ ಎರಡು ಪದಗಳನ್ನೇ.